ಕಾಯಿಗೆ ಕೊಳೆ, ಮೈಗೆ ಹುಳುಕಡ್ಡಿ

ಮೃಗಶಿರಾ ಮಳೆ ಹಿಡಿಯುವುದರೊಳಗೆ ಅಡಕೆ ಗೊನೆಗಳಿಗೆ ಮೊದಲನೆಯ ಔಷಧಿ ಹೊಡೆದು ಮುಗಿಸಬೇಕು, 40-45 ದಿನ ಬಿಟ್ಟು ಎರಡನೆಯದನ್ನು ಹೊಡೆಯಬೇಕು ಎಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಹೇಳಿಕೊಡುವ ಅಗತ್ಯವಿಲ್ಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಮ್ಮ ಬಾಯಲ್ಲಿದೆ. ಆದರೆ ಈ ಲೇಖನ ಅಡಕೆಯ ಕೊಳೆಯನ್ನು ಕುರಿತದ್ದಲ್ಲ. ಕೊಳೆಗೆ ಔಷಧಿ ಹೊಡೆಯುವವರ ಮೈಯನ್ನು ಕುರಿತದ್ದು.

ಹಿಂದಿನ ಮಳೆಗಾಲದಲ್ಲಿ ಎರಡನೆಯ ಸಲದ ಔಷಧಿಗೆ ಅಂಗಳದಲ್ಲಿ ಮೈಲುತುತ್ತ ಕದಡುತ್ತಿದ್ದೆವು. ನಮ್ಮ ತೋಟಕ್ಕೆ ಹತ್ತಾರು ವರ್ಷಗಳಿಂದ ಮರ ಹತ್ತಲು ಬರುವ ಕೊನೆಗಾರರು ನೀಲಿ ನೀರನ್ನೇ ನೋಡುತ್ತ ನಿಂತವರು ಇದ್ದಕ್ಕಿದ್ದಂತೆ ಕೇಳಿದರು: "ಅಯ್ಯಾ, ಕಾಯಿಯ ಕೊಳೆ ಇದ್ರಿಂದ ನಿಲ್ಲುತ್ತೆ ಅಂದ್ರೆ, ನನ್ನ ಮೈಮೇಲಿರೋ ದರಿದ್ರಕ್ಕೂ ಇದನ್ನೇ ಒಂಚೂರು ಹಚ್ಕೊಂಡ್ರೆ ಏನಾಗುತ್ತೆ?"

ತಮಾಷೆಗೆ ಕೇಳಿದ್ದಾರೆಂದುಕೊಂಡೆ. ಅಂಗಿ ಎತ್ತಿ ತೋರಿಸಿದಾಗ ನಗು ನಿಂತಿತು. ಸೊಂಟದ ಸುತ್ತ, ಹೊಟ್ಟೆಯ ಮೇಲೆ, ತೊಡೆಯ ಸಂದಿಯವರೆಗೆ ಹುಳುಕಡ್ಡಿ. ಒಂದು ಉಂಗುರದೊಳಗೆ ಇನ್ನೊಂದು ಉಂಗುರ, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ. ಮೂರು ವರ್ಷದಿಂದ ಹೀಗೆಯೇ ಇದೆಯಂತೆ. ಹೆಂಡತಿಗೂ ಇದೆ, ಶಾಲೆಗೆ ಹೋಗುವ ಮಗಳಿಗೂ ಇದೆ. ರಾತ್ರಿ ತುರಿಕೆಯಿಂದ ಮೂವರಿಗೂ ನಿದ್ದೆಯಿಲ್ಲ. "ಔಷಧಿ ಮಾಡಲಿಲ್ಲವೇನಯ್ಯ?" ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇಂದಿಗೂ ಚುಚ್ಚುತ್ತದೆ: "ನೀವೇ ಪೇಟೆಯಿಂದ ಟ್ಯೂಬು ತಂದು ಕೊಡ್ತಿದ್ರಲ್ಲ ಅಯ್ಯಾ. ಹಚ್ಚಿದ ಎರಡು ದಿನ ತಣ್ಣಗಿರುತ್ತೆ. ಬಿಟ್ಟ ವಾರಕ್ಕೆ ಎರಡರಷ್ಟಾಗುತ್ತೆ."

ನಿಜ. ಸಂತೆಯ ದಿನ ಗೊಬ್ಬರದ ಚೀಟಿಯ ಜೊತೆಗೆ "ಹುಳುಕಡ್ಡಿ ಮುಲಾಮು 2" ಎಂದು ಬರೆದುಕೊಂಡು ಹೋಗಿ ಔಷಧಿ ಅಂಗಡಿಯಿಂದ ತಂದು ಕೊಡುತ್ತಿದ್ದವನು ನಾನೇ. ಉಪಕಾರ ಮಾಡುತ್ತಿದ್ದೇನೆಂದೇ ಭಾವಿಸಿದ್ದೆ.

ಮೈಲುತುತ್ತದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಹಾಗೆ ಯೋಚಿಸಿದವರು ಇವರೊಬ್ಬರೇ ಇರಲಾರರು. ಮೈಲುತುತ್ತ ಚರ್ಮವನ್ನು ಸುಡುತ್ತದೆ. ತುರಿಸಿ ಗಾಯವಾದ ಕಡೆಯಿಂದ ರಕ್ತಕ್ಕೆ ಸೇರಿದರೆ ಪಿತ್ತಕೋಶ, ಮೂತ್ರಪಿಂಡಗಳಿಗೆ ಕೇಡು. ರಕ್ತದ ಕೆಂಪು ಕಣಗಳೇ ಒಡೆಯಬಹುದು. ಕಾಯಿಯ ಸಿಪ್ಪೆ ಬೇರೆ, ಮನುಷ್ಯನ ತೊಗಲು ಬೇರೆ. ಯಾರೂ ಈ ಪ್ರಯೋಗಕ್ಕೆ ಕೈಹಾಕಬಾರದು.

ಮಾರನೆಯ ದಿನವೇ ಅವರ ಮನೆಯ ಮೂವರನ್ನೂ ಕರೆದುಕೊಂಡು ಪೇಟೆಯ ಚರ್ಮವೈದ್ಯರಲ್ಲಿಗೆ ಹೋದೆ. ಡಾಕ್ಟರಮ್ಮ ಮೈ ನೋಡಿದವರೇ, "ಹಚ್ಚುತ್ತಿದ್ದ ಟ್ಯೂಬು ತಂದಿದ್ದೀರಾ?" ಎಂದರು. ಉಂಗುರದೊಳಗೆ ಉಂಗುರ ಕಂಡಾಗಲೇ ಅವರಿಗೆ ಗೊತ್ತಾಗಿತ್ತು. ಟ್ಯೂಬಿನ ಮೇಲಿನ ಸಣ್ಣ ಅಕ್ಷರವನ್ನು ನನ್ನಿಂದಲೇ ಓದಿಸಿದರು. ಮೂರು ಔಷಧಿಗಳ ಮಿಶ್ರಣ: ಬೂಷ್ಟಿಗೊಂದು, ಬ್ಯಾಕ್ಟೀರಿಯಾಕ್ಕೊಂದು, ಮೂರನೆಯದು ಕ್ಲೋಬೆಟಸಾಲ್ ಎಂಬ ತೀಕ್ಷ್ಣವಾದ ಸ್ಟೀರಾಯ್ಡ್.

ಈ ಮೂರನೆಯದರ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಹುಳುಕಡ್ಡಿಯೆಂದು ಹೆಸರಿದ್ದರೂ ಅಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಅದು ಚರ್ಮ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ವಸ್ತುವನ್ನು ತಿಂದು ಬದುಕುವ ಒಂದು ಶಿಲೀಂಧ್ರ. ಅದು ಹೊಕ್ಕಾಗ ಮೈ ಸುಮ್ಮನಿರುವುದಿಲ್ಲ. ರಕ್ತವನ್ನು ಅಲ್ಲಿಗೆ ಹರಿಸಿ ಹೋರಾಡುತ್ತದೆ. ಕೆಂಪು, ಉರಿ, ತುರಿಕೆ ಇವೆಲ್ಲ ಆ ಹೋರಾಟದ ಗದ್ದಲ. ಸ್ಟೀರಾಯ್ಡ್ ಈ ಹೋರಾಟವನ್ನೇ ನಿಲ್ಲಿಸುತ್ತದೆ. ಗದ್ದಲ ನಿಂತ ಕೂಡಲೇ ರೋಗಿಗೆ ಹಾಯೆನಿಸುತ್ತದೆ. ತೋಟಕ್ಕೆ ಕಳ್ಳ ನುಗ್ಗಿದಾಗ ಬೊಗಳುವ ನಾಯಿಯ ಬಾಯಿ ಕಟ್ಟಿ, ಇನ್ನು ಕಳ್ಳನಿಲ್ಲವೆಂದು ಮಲಗಿದ ಹಾಗೆ. ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ವೈದ್ಯರಿಗೂ ಗುರುತು ಸಿಗದಂತೆ ರೂಪ ಬದಲಿಸುವ ಇಂಥ ಹುಳುಕಡ್ಡಿಯನ್ನು ಐವ್ ಮತ್ತು ಮಾರ್ಕ್ಸ್ ಎಂಬ ಇಬ್ಬರು ಬ್ರಿಟಿಷ್ ವೈದ್ಯರು 1968ರಲ್ಲಿಯೇ ವರ್ಣಿಸಿದ್ದರು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ತೊಡೆ-ಕಂಕುಳಲ್ಲಿ ಬಸುರಿಯ ಹೊಟ್ಟೆಯ ಮೇಲಿನಂತಹ ಗೆರೆಗಳು ಬೀಳುತ್ತವೆ. ಆ ಗೆರೆಗಳು ಮಾಸಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಕೊನೆಗಾರರ ಮಗಳ ತೊಡೆಯ ಮೇಲೆ ಅವು ಬಿದ್ದಿದ್ದವು. ಅವಳಿಗಿನ್ನೂ ಹದಿಮೂರು.

ಸರ್ಕಾರ ಸುಮ್ಮನಿತ್ತೆಂದಲ್ಲ. 2016ರಲ್ಲಿ 344 ಮಿಶ್ರ ಔಷಧಿಗಳನ್ನು ನಿಷೇಧಿಸಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಮರುಪರಿಶೀಲನೆಯಾಗಿ 2018ರಲ್ಲಿ 328 ಮಿಶ್ರಣಗಳು ನಿಷೇಧಕ್ಕೊಳಗಾದವು. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಆದೇಶವೂ ಅದೇ 2018ರಲ್ಲಿ ಬಂತು. ನಾನು ಚೀಟಿಯಿಲ್ಲದೆ ಕೇಳಿದಾಗಲೆಲ್ಲ ಟ್ಯೂಬು ಸಿಕ್ಕಿತು ಎಂಬುದನ್ನೂ ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಸ್ಟೀರಾಯ್ಡ್ ಬಿಟ್ಟ ಬರಿಯ ಬೂಷ್ಟಿನ ಔಷಧಿ ಕೊಟ್ಟರೆ ಸಾಕಲ್ಲವೇ ಎಂದು ಕೇಳಿದೆ. ಅದಕ್ಕೆ ಡಾಕ್ಟರಮ್ಮ ಹೇಳಿದ ಸಂಗತಿ ಬೆಳೆಗಾರರಾದ ನಮಗೆ ಬೇಗ ಅರ್ಥವಾಗುವಂಥದು. ಮನೆಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿ ನೋಡಿದೆ.

ಹುಳುಕಡ್ಡಿಗೆ ಹೊಟ್ಟೆಗೆ ತೆಗೆದುಕೊಳ್ಳುವ ಮೊದಲ ಮಾತ್ರೆ ಗ್ರಿಸಿಯೋಫಲ್ವಿನ್. ಅದರ ಚರಿತ್ರೆಯೇ ಸ್ವಾರಸ್ಯ. 1939ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಬೂಷ್ಟಿನಿಂದಲೇ ಅದನ್ನು ಬೇರ್ಪಡಿಸಿದ್ದರು. ಕೆಲವು ವರ್ಷಗಳ ನಂತರ, ಪೈನ್ ಸಸಿ ನೆಟ್ಟರೆ ಏಳದ ಒಂದು ಬರಡು ನೆಲದ ಮಣ್ಣನ್ನು ಪರೀಕ್ಷಿಸುತ್ತಿದ್ದವರಿಗೆ, ಬೇರೆ ಶಿಲೀಂಧ್ರಗಳ ಎಳೆಗಳನ್ನು ತಿರುಚಿ ಸುರುಳಿ ಮಾಡುವ ಒಂದು ವಸ್ತು ಸಿಕ್ಕಿತು. ಅದು ಇದೇ ಗ್ರಿಸಿಯೋಫಲ್ವಿನ್! ಮೊದಲು ಯೋಚನೆ ಹರಿದದ್ದು ಗಿಡಗಳ ರೋಗಕ್ಕೆ ಬಳಸುವ ಕಡೆಗೆ. 1958ರಲ್ಲಿ ಗ್ಲಾಸ್ಗೋದ ಜೆಂಟಲ್ಸ್ ಎಂಬವರು ಗಿನಿ ಹಂದಿಗಳಿಗೆ ತಿನ್ನಿಸಿ ಹುಳುಕಡ್ಡಿ ವಾಸಿಯಾಗುವುದನ್ನು ತೋರಿಸಿದ ಮೇಲೆ ಅದು ಮನುಷ್ಯರ ಔಷಧಿಯಾಯಿತು. ಹೊಲದ ಔಷಧಿಗೂ ಮೈಯ ಔಷಧಿಗೂ ನಂಟು ಹೊಸದೇನಲ್ಲ.

ಅನಂತರ ಬಂದದ್ದು ಟರ್ಬಿನಾಫಿನ್. 1991ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂತು. ಬಹು ಕಾಲ ಇದನ್ನು ಮೀರಿಸುವ ಔಷಧಿ ಇರಲಿಲ್ಲ. ಶಿಲೀಂಧ್ರದ ಜೀವಕೋಶದ ಪೊರೆ ಗಟ್ಟಿಯಾಗಿರಲು ಎರ್ಗೋಸ್ಟೆರಾಲ್ ಎಂಬ ಜಿಡ್ಡು ಬೇಕು. ಅದನ್ನು ತಯಾರಿಸುವ ದಾರಿಯಲ್ಲಿ ಕೆಲಸ ಮಾಡುವ ಒಂದು ಕಿಣ್ವಕ್ಕೆ ಟರ್ಬಿನಾಫಿನ್ ಹೋಗಿ ಬೀಗ ಜಡಿಯುತ್ತದೆ. ಒಂದೇ ಕಿಣ್ವ, ಒಂದೇ ಬೀಗ. ಇಲ್ಲಿಯೇ ಅದರ ಬಲ, ಇಲ್ಲಿಯೇ ಅದರ ದೌರ್ಬಲ್ಯ. ಆ ಕಿಣ್ವವೆಂಬ ಮಣಿಸರದಲ್ಲಿ 393ನೆಯ ಅಥವಾ 397ನೆಯ ಮಣಿಯೊಂದು ಬದಲಾದರೆ ಸಾಕು, ಬೀಗ ಕೂರುವುದೇ ಇಲ್ಲ. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ವರದಿಯಂತೆ, ಅವರು ಪರೀಕ್ಷಿಸಿದ ಈ ಜಾತಿಯ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದು ಟರ್ಬಿನಾಫಿನ್‌ಗೆ ಜಗ್ಗಲಿಲ್ಲ. ಕಾರಣ ಈ ಮಣಿಗಳ ಬದಲಾವಣೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಭಾರತದ ಮತ್ತು ನೇಪಾಳದ ರೋಗಿಗಳಲ್ಲಿ ಸಿಕ್ಕಿದ ಇಂಥ ಶಿಲೀಂಧ್ರವನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಕರೆದರು. ನಮ್ಮ ದೇಶದ ಹೆಸರು ಹೊತ್ತ ಹುಳುಕಡ್ಡಿ! 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಎರಡು ಪ್ರಕರಣಗಳು ವರದಿಯಾದವು. ಒಬ್ಬಾಕೆ ವಿದೇಶ ಪ್ರಯಾಣ ಮಾಡಿಯೇ ಇರಲಿಲ್ಲ. (ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಶಾಸ್ತ್ರಜ್ಞರು ಹೆಸರಿಡುವಾಗ ನಮ್ಮ 'ಕೊಳೆರೋಗ' ಎಂಬ ಕನ್ನಡ ಪದವನ್ನೇ ಲ್ಯಾಟಿನ್ನಿಗೆ ಸೇರಿಸಿದರೆಂಬುದು ಈ ಹೊತ್ತಿಗೆ ನೆನಪಾಗುತ್ತದೆ. ನಮ್ಮ ಕಡೆಯ ಮಳೆ ಹೀಗೂ ಕೀರ್ತಿ ತರುತ್ತದೆ.)

ಒಂದೇ ಕಡೆ ಹೊಡೆಯುವ ಔಷಧಿ ಒಂದು ದಿನ ಕೈಕೊಡುತ್ತದೆ ಎಂಬುದು ನಮಗೆ ಹೊಸದೇ? ಕಾಳುಮೆಣಸಿನ ಸೊರಗು ರೋಗಕ್ಕೆ ನಾವು ಮೆಟಲಾಕ್ಸಿಲ್ ಬಳಸುತ್ತೇವೆ. ಅದೇ ಔಷಧಿ 1980ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ, ಬಂದ ಕೆಲವೇ ವರ್ಷಗಳಲ್ಲಿ, ಅಂಗಮಾರಿ ರೋಗದೆದುರು ಸೋತಿತು. ಬೋರ್ಡೋ ದ್ರಾವಣದ ಕಥೆ ಬೇರೆ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ್ದನ್ನು ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ಅಡಕೆಯ ಕೊಳೆಗೆ ತಂದರು. ಅಂದಿನಿಂದ ಇಂದಿನವರೆಗೂ ಅದೇ ನಡೆದಿದೆ. ತಾಮ್ರ ಶತ್ರುವಿನ ಒಂದು ಬೀಗಕ್ಕೆ ಅಂಟಿಕೊಂಡಿಲ್ಲ. ಹತ್ತು ಕಡೆ ಏಕಕಾಲಕ್ಕೆ ಹೊಡೆಯುತ್ತದೆ. ಹತ್ತೂ ಕಡೆ ಒಟ್ಟಿಗೆ ಬದಲಾಗುವುದು ಶತ್ರುವಿಗೆ ಕಷ್ಟ.

ಇಲ್ಲೊಂದು ಎಚ್ಚರಿಕೆ ನಮಗೂ ಇದೆ. ಟರ್ಬಿನಾಫಿನ್ ಬೆಳೆಗೆ ಹೊಡೆಯುವ ಔಷಧಿಯಲ್ಲವಾದ್ದರಿಂದ ಅದು ಸೋತದ್ದಕ್ಕೆ ತೋಟದವರನ್ನು ದೂರುವಂತಿಲ್ಲ. ಆದರೆ ಕಾಫಿಯ ತುಕ್ಕು ರೋಗಕ್ಕೆ ಹೊಡೆಯುವ ಹೆಕ್ಸಾಕೊನಜೋಲ್, ಅಡಕೆಯ ಎಲೆಚುಕ್ಕೆಗೆ ಹೊಡೆಯುವ ಪ್ರೊಪಿಕೊನಜೋಲ್, ಮನುಷ್ಯರಿಗೆ ಕೊಡುವ ಇಟ್ರಾಕೊನಜೋಲ್ ಎಲ್ಲ ಒಂದೇ ಮನೆತನದವು. ಹೆಸರಿನ ಬಾಲ ನೋಡಿದರೆ ತಿಳಿಯುತ್ತದೆ. ನೆದರ್ಲೆಂಡ್ಸಿನಲ್ಲಿ ಶ್ವಾಸಕೋಶಕ್ಕೆ ತಗಲುವ ಆಸ್ಪರ್ಜಿಲಸ್ ಎಂಬ ಬೂಷ್ಟು ಈ ಮನೆತನದ ಔಷಧಿಗಳಿಗೆ ಜಗ್ಗದಂತಾದದ್ದನ್ನು ಹುಡುಕುತ್ತ ಹೋದ ವೈದ್ಯರು ಹೂವಿನ ಗೆಡ್ಡೆಗಳ ತಿಪ್ಪೆ, ಹೊಲಗಳವರೆಗೆ ತಲುಪಿದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಈ ಬೂಷ್ಟು ಮೊದಲ ದರ್ಜೆಯಲ್ಲಿದೆ. ಹೇಳಿದ ಅಳತೆ ಮೀರಿ, ಹೇಳಿದ ಸಲಕ್ಕಿಂತ ಹೆಚ್ಚು, ಒಂದೇ ಔಷಧಿಯನ್ನು ಹೊಡೆಯುವ ಚಟವಿರುವವರು ಇದನ್ನು ಎರಡು ಸಲ ಓದಬೇಕು.

ಮೈಮೇಲಿನ ಬಟ್ಟೆಯ ಕಡೆಗೆ ಬರೋಣ. ಔಷಧಿಯಷ್ಟೇ ಮುಖ್ಯವಾದ ಈ ವಿಷಯವನ್ನು ನಾವು ಗಮನಿಸಿಯೇ ಇಲ್ಲ.

ಹುಳುಕಡ್ಡಿಗೆ ಬೇಕಾದದ್ದು ಬಿಸಿ, ತೇವ ಮತ್ತು ಗಾಳಿಯಾಡದ ಜಾಗ. ವಿಯೆಟ್ನಾಂ ಯುದ್ಧದಲ್ಲಿ ಗದ್ದೆಗಳಲ್ಲಿ ಓಡಾಡುತ್ತಿದ್ದ ಅಮೆರಿಕದ ಸೈನಿಕರಿಗೆ ಈ ಜಾತಿಯ ಶಿಲೀಂಧ್ರ ಎಷ್ಟು ಹತ್ತಿತೆಂದರೆ, ಗುಂಡೇಟಿಗಿಂತ ಚರ್ಮರೋಗದ ಲೆಕ್ಕವೇ ಅಧಿಕಾರಿಗಳಿಗೆ ತಲೆನೋವಾಯಿತು. ಕೊನೆಗೆ ಒಂದು ದಳದಲ್ಲಿ 48 ಗಂಟೆಗಿಂತ ಹೆಚ್ಚು ಗದ್ದೆಯಲ್ಲಿರಿಸಬಾರದು, ಬಳಿಕ ಕಾಲು ಒಣಗಲು ಬಿಡುವು ಕೊಡಬೇಕು ಎಂದು ನಿಯಮ ಮಾಡಿದರು. ನಮ್ಮ ಸಿಂಪರಣೆಯವರಿಗೆ ಅಂಥ ನಿಯಮ ಯಾರು ಮಾಡಬೇಕು?

ಹಿಂದೆ ಮಳೆಗೆ ಗೊರಬು ಇತ್ತು, ಕಂಬಳಿಕೊಪ್ಪೆ ಇತ್ತು. ಅವು ಮೈಗೆ ಅಂಟದೆ ಕೆಳಗಿನಿಂದ ಗಾಳಿಯಾಡಲು ಬಿಡುತ್ತಿದ್ದವು. ಈಗ ಎಲ್ಲರಿಗೂ ಪ್ಲಾಸ್ಟಿಕ್ ಅಂಗಿ, ಮೊಣಕಾಲಿನವರೆಗೆ ಗಮ್‌ಬೂಟು, ಒಳಗೆ ಬಿಗಿಯಾದ ಪ್ಯಾಂಟು. ಮಳೆಯ ನೀರು ಒಳಬರುವುದಿಲ್ಲ, ಸರಿ, ಬೆವರೂ ಹೊರಹೋಗುವುದಿಲ್ಲ. ಗೊನೆಗೆ ಕೊಟ್ಟೆ ಕಟ್ಟುವಾಗ ಕೆಳಬಾಯಿ ತೆರೆದಿಡದಿದ್ದರೆ ಒಳಗೇ ಕಾಯಿ ಬೆವೆತು ಕೊಳೆಯುತ್ತದೆಂದು ಬಲ್ಲ ನಾವು, ಮನುಷ್ಯನಿಗೆ ಮಾತ್ರ ನಾಲ್ಕೂ ಕಡೆ ಮುಚ್ಚಿದ ಕೊಟ್ಟೆ ಕಟ್ಟಿದ್ದೇವೆ.

ಹತ್ತಿಯೋ ಪಾಲಿಯೆಸ್ಟರೋ ಎಂಬ ಪ್ರಶ್ನೆಗೆ ಬಟ್ಟೆಶಾಸ್ತ್ರದವರ ಲೆಕ್ಕವಿದೆ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿಯ ನೂಲು ತನ್ನ ಒಣತೂಕದ ಶೇ. 8ರಷ್ಟು ತೇವವನ್ನು ಒಳಗೆಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4 ಮಾತ್ರ. ಆದ್ದರಿಂದ ಬೆವರನ್ನು ಹೀರಲು ಹತ್ತಿಯೇ ಮೇಲು. ಆದರೆ ಹೀರಿದ ಹತ್ತಿ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಹತ್ತಿಬಟ್ಟೆ ಒಳ್ಳೆಯದೆಂಬ ಮಾತು ನಿಜವಾಗಬೇಕಾದರೆ ಮಧ್ಯಾಹ್ನ ಬದಲಿಸಲು ಇನ್ನೊಂದು ಒಣ ಜೊತೆ ಇರಬೇಕು. ಒಂದೇ ಜೊತೆ ಇರುವವನಿಗೆ ಹತ್ತಿಯ ಉಪದೇಶ ಮಾಡಿ ಉಪಯೋಗವಿಲ್ಲ.

ಒಗೆಯುವುದರಲ್ಲೂ ಒಂದು ಗುಟ್ಟಿದೆ. ಉದುರಿದ ಚರ್ಮದ ಪುಡಿಯಲ್ಲಿ ಶಿಲೀಂಧ್ರದ ಬೀಜಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಜರ್ಮನಿಯ ಸಂಶೋಧಕರು 2011ರಲ್ಲಿ ತೋರಿಸಿದಂತೆ, 30 ಡಿಗ್ರಿ ನೀರಿನಲ್ಲಿ ಸಾಬೂನು ಹಾಕಿ ಒಗೆದರೂ ಅವು ಉಳಿಯುತ್ತವೆ. 60 ಡಿಗ್ರಿಯಲ್ಲಿ ಒಗೆದರೆ ಸಾಯುತ್ತವೆ. ಕೊಳೆಬಟ್ಟೆಯ ಬುಟ್ಟಿಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೂ ಬೀಜ ದಾಟುತ್ತದೆಯಂತೆ. 60 ಡಿಗ್ರಿಯೆಂದರೆ ಕೈಯಿಡಲಾಗದಷ್ಟು ಬಿಸಿ. ನಮ್ಮ ಬಚ್ಚಲ ಹಂಡೆಯಲ್ಲಿ ಸಲೀಸಾಗಿ ಬರುವ ಬಿಸಿ. ಒಲೆಯ ಮೇಲಿನ ಬಳ್ಳಿಗೆ ಹಾಕಿ ಒಣಗಿಸಿದರೆ ಬಟ್ಟೆ ಒಣಗೀತು, ಬೀಜ ಸಾಯುವುದಿಲ್ಲ.

ಬಟ್ಟೆಯನ್ನೇ ಔಷಧಿಯಾಗಿಸುವ ಪ್ರಯತ್ನವೂ ನಡೆದಿದೆ. ಅಲ್ಲಿಯೂ ನಮ್ಮ ಹಳೆಯ ನೆಂಟ ತಾಮ್ರವೇ. 2010ರ ಆಗಸ್ಟ್ 5ರಂದು ಚಿಲಿ ದೇಶದಲ್ಲಿ ಗಣಿ ಕುಸಿದು 33 ಮಂದಿ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಬಿದ್ದದ್ದು ಓದುಗರಿಗೆ ನೆನಪಿರಬಹುದು. 69 ದಿನ, ಸೆಕೆ, ಬೆವರು, ಚರ್ಮರೋಗ ಶುರುವಾಯಿತು. ಆಗ ಕಿರಿದಾದ ಕೊಳವೆಯ ಮೂಲಕ ಅವರಿಗೆ ಇಳಿಸಿದ ಸಾಮಾನುಗಳಲ್ಲಿ ನೂಲಿನೊಳಗೆ ತಾಮ್ರದ ಆಕ್ಸೈಡ್ ಸೇರಿಸಿ ನೇಯ್ದ ಕಾಲುಚೀಲಗಳಿದ್ದವು. ಮೇಲೆ ಬಂದ ಮೇಲೆ ಪರೀಕ್ಷಿಸಿದಾಗ ಕಾಲಿನ ರೋಗ ಬಹುಮಟ್ಟಿಗೆ ಇಳಿದಿತ್ತೆಂದು 2012ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಇದನ್ನು ಪೂರ್ತಿ ಒಪ್ಪಿಬಿಡುವ ಮೊದಲು ಎರಡು ಮಾತು: ಬರೆದವರಲ್ಲಿ ಒಬ್ಬರು ಕಾಲುಚೀಲ ತಯಾರಿಸುವ ಕಡೆಯವರು, ಹೋಲಿಸಿ ನೋಡಲು ಬರಿಯ ಕಾಲುಚೀಲ ಹಾಕಿದ ಗುಂಪು ಇರಲಿಲ್ಲ. ತೋಟದಲ್ಲಿ ಔಷಧಿ ಹೊಡೆಯದ ನಾಲ್ಕು ಮರ ಬಿಡದೆ ಔಷಧಿಯ ಗುಣ ಹೇಳಿದ ಹಾಗೆ. ಆದರೂ ದಾರಿ ಸರಿಯಾಗಿದೆ. ಅದು ನಮ್ಮ ಸಂತೆಗೆ ಬರುವವರೆಗೆ ಎರಡು ಜೊತೆ ಒಣ ಕಾಲುಚೀಲವೇ ಗತಿ.

ಚಿಕಿತ್ಸೆಯ ವಿಷಯದಲ್ಲಿ ಡಾಕ್ಟರಮ್ಮ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮನೆಯಲ್ಲಿ ರೋಗವಿರುವವರೆಲ್ಲ ಒಟ್ಟಿಗೆ ಔಷಧಿ ಮಾಡಬೇಕು. ಅರ್ಧ ತೋಟಕ್ಕೆ ಹೊಡೆದು ಅರ್ಧ ಬಿಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಮುಲಾಮನ್ನು ಉಂಗುರದ ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ದಿನಕ್ಕೆ 2 ಸಲ, ಕಲೆ ಮಾಯವಾದ ಮೇಲೂ 2 ವಾರ. ಎರಡು, ಎರಡು, ಎರಡು ಎಂದು ನೆನಪಿಡಲು ಸುಲಭ. ಒಳಗೆ ಕೊಡುವ ಮಾತ್ರೆ ಯಾವುದು, ಎಷ್ಟು ವಾರ ಎಂಬುದು ವೈದ್ಯರೇ ತೀರ್ಮಾನಿಸಬೇಕಾದದ್ದು. ಪಿತ್ತಕೋಶ, ಹೃದಯದ ತೊಂದರೆಯಿದ್ದವರಿಗೆ, ಬಸುರಿಯರಿಗೆ ಲೆಕ್ಕವೇ ಬೇರೆ. ಇಟ್ರಾಕೊನಜೋಲ್ ಗುಳಿಗೆಯನ್ನು ಹೊಟ್ಟೆ ತುಂಬ ಉಂಡ ಕೂಡಲೇ ನುಂಗಬೇಕು, ಹುಳಿತೇಗಿಗೆಂದು ಗ್ಯಾಸಿನ ಮಾತ್ರೆ ಜೊತೆಗೆ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲ. ಮಿಶ್ರ ಮುಲಾಮು ಬಿಟ್ಟ ಮೊದಲ ಒಂದೆರಡು ವಾರ ಉರಿ ಹೆಚ್ಚಾಗುತ್ತದೆ. ಹೆದರಿ ಮತ್ತೆ ಹಳೆಯ ಟ್ಯೂಬಿಗೆ ಕೈಹಾಕಬಾರದು.

ತಗಚೆ ಸೊಪ್ಪಿನ ಬಗ್ಗೆ ಹಿರಿಯರು ಕೇಳಿಯೇ ಕೇಳುತ್ತಾರೆ. ಸಂಸ್ಕೃತದಲ್ಲಿ ಅದಕ್ಕೆ ಚಕ್ರಮರ್ದವೆಂದು ಹೆಸರು. ಆ ಚಕ್ರ ಹುಳುಕಡ್ಡಿಯದೇ. ಅದರ ಬೀಜದಲ್ಲಿ ಬೂಷ್ಟನ್ನು ತಡೆಯುವ ಕ್ರೈಸೊಫಾನಿಕ್ ಆಮ್ಲ ಇರುವುದು ನಿಜ. ಸಣ್ಣದೊಂದು ಉಂಗುರಕ್ಕೆ ಅಜ್ಜಿ ಅರೆದು ಹಚ್ಚಿದ್ದು ಫಲ ಕೊಟ್ಟಿರಲೂಬಹುದು. ಸೊಂಟವಿಡೀ ಹಬ್ಬಿದ ಈಗಿನ ಹುಳುಕಡ್ಡಿಗೆ ಅದನ್ನು ನಂಬಿ ಕೂರಬಾರದೆಂಬುದು ನನ್ನ ಅಭಿಪ್ರಾಯ.

ನಮ್ಮ ಕೊನೆಗಾರರಿಗೆ ಪೂರ್ತಿ ವಾಸಿಯಾಗಲು ದೀಪಾವಳಿ ಬಂತು. ಮೊದಲ ಎರಡು ವಾರ ಉರಿ ತಾಳಲಾರದೆ ನನ್ನನ್ನು ಬೈದುಕೊಂಡರು. ನಡುವೆ ಒಂದು ಸಲ, ತುರಿಕೆ ನಿಂತಿತೆಂದು ಮಾತ್ರೆ ಬಿಟ್ಟು, ಮತ್ತೆ ಶುರುವಾಗಿ, ಪುನಃ ಡಾಕ್ಟರಮ್ಮನ ಹತ್ತಿರ ಬೈಸಿಕೊಂಡೂ ಬಂದರು. ಈಗ ಕಪ್ಪು ಕಲೆ ಮಾತ್ರ ಉಳಿದಿದೆ. ಮಗಳ ತೊಡೆಯ ಗೆರೆಗಳು ಹಾಗೆಯೇ ಇವೆ.

ಈ ಮಳೆಗಾಲಕ್ಕೆ ನಮ್ಮ ಕೊಟ್ಟಿಗೆಯ ಪಕ್ಕ ಇನ್ನೊಂದು ಹಂಡೆ ಕೂರಿಸಿದ್ದೇನೆ. ಔಷಧಿ ಹೊಡೆದು ಬಂದವರು ಅಲ್ಲಿಯೇ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಒಣಬಟ್ಟೆ ಉಟ್ಟು ಮನೆಗೆ ಹೋಗುತ್ತಾರೆ. ಹಂಡೆಯ ಸೌದೆಯ ಖರ್ಚು ಯಾರದೆಂದು ಮನೆಯವಳು ಕೇಳಿದಳು. ಸಿಂಪರಣೆಯ ಖರ್ಚಿಗೆ, ಮೈಲುತುತ್ತ-ಸುಣ್ಣದ ಕೆಳಗಿನ ಸಾಲಿನಲ್ಲಿ ಬರೆದುಕೊಂಡಿದ್ದೇನೆ.